ಪಂಕಜಕ್ಕನ ಪೆಟ್ಟಿಗೆ

"ಗುರುಗಳೇ, ಉಗ್ರಾಣಕ್ಕೆ ಮತ್ತೆ ಬೀಗ ಹಾಕಿಬಿಡಲೇ?" ಎಂದು ಶಿಷ್ಯ ಕೇಳಿದ. ಬೀಗ ಅವನ ಕೈಯಲ್ಲೇ ಇತ್ತು. "ಯಾರಿಗೆ ಏನು ಬೇಕೋ ಅವರೇ ತೆಗೆದುಕೊಳ್ಳಲಿ ಎಂದು ಬಾಗಿಲು ತೆರೆದಿಟ್ಟೆ. ಅಂದಿನಿಂದ ನನ್ನನ್ನು ಮಾತಾಡಿಸುವವರೇ ಇಲ್ಲ. ಬೀಗ ಇದ್ದಾಗ ಕೀಲಿ ಕೇಳುವ ನೆಪಕ್ಕಾದರೂ ಬರುತ್ತಿದ್ದರು."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮನೆಗಳ ನಕ್ಷೆ ಬರೆಯುವ ಸಣ್ಣ ಆಫೀಸು. ನಕ್ಷೆ ಬರೆಯುವವರು ನಾಲ್ವರು. ಬರೆದ ನಕ್ಷೆಗಳನ್ನೆಲ್ಲ ತನ್ನ ಕಂಪ್ಯೂಟರಿನಲ್ಲಿ ಜೋಪಾನ ಮಾಡುವವಳು ಒಬ್ಬಳು. ಅವಳ ಮೇಜು ಮೂಲೆಯಲ್ಲಿ, ಅವರಿಂದ ಒಂಬತ್ತು ಹೆಜ್ಜೆ ದೂರ. ಹಳೆಯ ನಕ್ಷೆ ಬೇಕಾದವರು ಪೆನ್‌ಡ್ರೈವ್ ಹಿಡಿದು ಆ ಒಂಬತ್ತು ಹೆಜ್ಜೆ ನಡೆದು ಬರಬೇಕು. ನಕ್ಷೆ ಇಳಿಯುವ ತನಕ ಪಕ್ಕದ ಸ್ಟೂಲಿನ ಮೇಲೆ ಕೂರಬೇಕು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಮಗುವಿನ ಜ್ವರ, ಅತ್ತೆಯ ಮುನಿಸು, ಬೆಳಿಗ್ಗೆ ಸೀದುಹೋದ ಉಪ್ಪಿಟ್ಟು, ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು.

ಒಂದು ದಿನ ಯಜಮಾನರು ವೈರು ಎಳೆಸಿ ಎಲ್ಲರ ಕಂಪ್ಯೂಟರನ್ನೂ ಅವಳದಕ್ಕೆ ಕೂಡಿಸಿದರು. ಇನ್ನು ಕೂತಲ್ಲೇ ನಕ್ಷೆ ತೆಗೆಯಬಹುದು, ಕೂತಲ್ಲೇ ಇಡಬಹುದು. ಕೆಲಸ ಹಗುರಾಯಿತೆಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಖಾಲಿ ಬಿದ್ದ ಸ್ಟೂಲನ್ನು ಯಾರೋ ನೀರಿನ ಕ್ಯಾನ್ ಇಡಲು ಒಯ್ದರು. ಯಾರಾದರೂ ನಕ್ಷೆ ತೆಗೆದಾಗ ಅವಳ ಕಂಪ್ಯೂಟರಿನ ಪೆಟ್ಟಿಗೆಯ ಪುಟ್ಟ ದೀಪ ಮಿಣಮಿಣ ಅನ್ನುತ್ತಿತ್ತು. ಅವಳು ಅದನ್ನೇ ನೋಡುತ್ತ, ಈಗ ಬಂದವರು ಯಾರಿರಬಹುದು ಎಂದುಕೊಳ್ಳುತ್ತ ಕೂರುತ್ತಿದ್ದಳು.

ಹೀಗಿರುವಾಗ ಒಮ್ಮೆ ಅವಳ ಕಾಲು ತಗುಲಿ ವೈರು ಕಿತ್ತುಬಂತು. ಚಹಾ ಆರುವಷ್ಟರಲ್ಲಿ ಒಬ್ಬ ನಕ್ಷೆಗಾರ ಎದ್ದು ಬಂದ.

"ಏನು ಪಂಕಜಕ್ಕ, ನಿಮ್ಮ ಪೆಟ್ಟಿಗೆ ನಮ್ಮ ಮೇಲೆ ಮುನಿಸಿಕೊಂಡಿತೇ?"

"ನನ್ನ ಕಾಲಿನ ತಪ್ಪಪ್ಪ, ಪೆಟ್ಟಿಗೆಯದಲ್ಲ" ಎಂದು ಅವಳು ಬಗ್ಗಿ ವೈರು ಸಿಕ್ಕಿಸಿದಳು.

"ಅಂದಹಾಗೆ, ಮಗಳ ಹೆರಿಗೆ ಯಾವಾಗ?"

"ಗಂಡು ಕೂಸು. ಮೊನ್ನೆಗೆ ಮೂರು ತಿಂಗಳು ತುಂಬಿತು."

"ನಮಗೆ ಗೊತ್ತೇ ಆಗಲಿಲ್ಲವಲ್ಲಕ್ಕ" ಎಂದು ಅವನು ತಲೆ ಕೆರೆದುಕೊಂಡ. ಗೋಡೆಗೆ ಒರಗಿ ನಿಂತು, ಕೂಸು ಯಾರ ಹಾಗಿದೆ ಎಂದು ಕೇಳಿ ಹೋದ.

ಮರುವಾರ ವೈರು ಮತ್ತೆ ಕಿತ್ತುಬಂತು. ಈ ಸಲ ಕಾಲು ತಗುಲಿದ್ದಲ್ಲ, ಅವಳೇ ಕಾಲಿನ ಹೆಬ್ಬೆರಳಿನಿಂದ ಎಳೆದದ್ದು. ಒಬ್ಬರು ಬಂದರು, ಎರಡು ಮಾತಾಡಿ ಹೋದರು. ಅವಳಿಗೆ ಅದೇ ರೂಢಿಯಾಯಿತು. ಬರುವವರ ನಗೆ ಮಾತ್ರ ಬರಬರುತ್ತ ಕಡಿಮೆಯಾಯಿತು. "ಮತ್ತೆ ಹೋಯಿತೇ?" ಎಂದು ನಿಂತೇ ಕೇಳಿ, ಸರಿಯಾದ ಕೂಡಲೇ ತಿರುಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ವೈರು ಎಳೆದ ಗಳಿಗೆಯಲ್ಲೇ ನಕ್ಷೆ ಬರೆಯುವವರಲ್ಲಿ ಒಬ್ಬ ಹೆಣ್ಣುಮಗಳು ಶಾಲೆಯ ನಕ್ಷೆಯೊಂದನ್ನು ಆ ಪೆಟ್ಟಿಗೆಗೆ ಸೇರಿಸುತ್ತಿದ್ದಳು. ನಾಲ್ಕು ದಿನದ ಕೆಲಸ ಅರ್ಧಕ್ಕೇ ಕೆಟ್ಟಿತು. ನಕ್ಷೆ ಮತ್ತೆ ತೆರೆಯಲೇ ಇಲ್ಲ. ಆಕೆ ಬೈಯಲಿಲ್ಲ, ಮೂಲೆಯ ಕಡೆ ನೋಡಲೂ ಇಲ್ಲ. ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ಪಂಕಜಕ್ಕನಿಗೆ ಎದ್ದು ಹೋಗಿ ಹೇಳಬೇಕೆನಿಸಿತು. ಹೋಗಲಿಲ್ಲ, ಬಗ್ಗಿ ವೈರು ಸಿಕ್ಕಿಸಿದಳು.

"ಈ ಪೆಟ್ಟಿಗೆಗೆ ವಯಸ್ಸಾಯಿತು" ಎಂದರು ಯಜಮಾನರು. ಹೊಸದೊಂದನ್ನು ತರಿಸಿ, ಬೀರುವಿನ ಮೇಲಿಟ್ಟು, ವೈರುಗಳನ್ನೆಲ್ಲ ಅದಕ್ಕೆ ಜೋಡಿಸಿದರು. ಅಂದಿನಿಂದ ಪಂಕಜಕ್ಕನ ಪೆಟ್ಟಿಗೆಯ ದೀಪ ಬೇರೆ ಯಾರಿಗಾಗಿಯೂ ಮಿಣುಕಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಇರುವುದನ್ನೆಲ್ಲ ಬಿಚ್ಚಿಟ್ಟು, ಅವಳು ಒಂಟಿಯಾಗಿ ಕೂತೇ ಇರಬೇಕಿತ್ತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಕೈಯಿಂದ ಬೀಗ ತೆಗೆದು ಪಕ್ಕಕ್ಕಿಟ್ಟರು.

"ಅವರ ಮೇಜಿನಿಂದ ಅವಳ ಮೇಜಿಗೆ ಒಂಬತ್ತು ಹೆಜ್ಜೆಯಾದರೆ, ಮಗು, ಅವಳ ಮೇಜಿನಿಂದ ಅವರ ಮೇಜಿಗೆ ಎಷ್ಟು?"