ಗೋಡೆಯಿಂದ ಇಳಿದ ಬುಟ್ಟಿ

“ಬುದ್ಧಿ, ಉಂಡ ಮನೆಯಲ್ಲೇ ದಾಂಧಲೆ ಮಾಡುವವರಿಗೂ ಬಾಗಿಲು ತೆರೆಯಬೇಕೆ?” ಎಂದು ಮಠದ ಅಡುಗೆಯ ಹೊಣೆ ಹೊತ್ತ ಮರುಳಯ್ಯ ಗುರುಗಳನ್ನು ಕೇಳಿದ. ಹಿಂದಿನ ದಿನ ಯಾತ್ರಿಕರ ಗುಂಪೊಂದು ಸಾರು ಹಳಸಿದೆ ಎಂದು ಜಗಳ ತೆಗೆದು ಹಂಡೆ ಉರುಳಿಸಿತ್ತು. ಇಂದೂ ಅವರು ಹೊರಗೆ ಕೂತಿದ್ದರು. ಮರುಳಯ್ಯ ಅಗುಳಿ ಹಾಕಿ ಬಂದಿದ್ದ.

ಗುರುಗಳು ನಕ್ಕು ಹೇಳತೊಡಗಿದರು.

ಹಿಂದೆ ಪಡುವಣ ದೇಶಗಳ ಸೈನ್ಯವೊಂದು ಅಂಗಿಗೆ ಶಿಲುಬೆ ಹೊಲಿದುಕೊಂಡು ಪುಣ್ಯಭೂಮಿಗೆ ಹೊರಟಿತ್ತು. ದಾರಿಯಲ್ಲಿ ಬೈಜಾಂಟಿಯಂ ರಾಜ್ಯ. ಇಬ್ಬರಿಗೂ ದೇವರು ಒಬ್ಬನೇ. ಆದರೆ ಆ ಸೈನಿಕರು ಯಾರ ಮಾತನ್ನೂ ಕೇಳುವವರಲ್ಲ. ಕಂಡ ಹೊಲಕ್ಕೆ ನುಗ್ಗಿದರು, ಕಂಡ ಕೋಳಿ ಹಿಡಿದರು. ಊರಿನವರು ಕೋಟೆಬಾಗಿಲು ಹಾಕಿಕೊಂಡು, ಗೋಡೆಯ ಮೇಲಿನಿಂದ ಬುಟ್ಟಿಗೆ ಹಗ್ಗ ಕಟ್ಟಿ ರೊಟ್ಟಿ ಇಳಿಸತೊಡಗಿದರು.

ಒಂದೂರಲ್ಲಿ ಹಾಗೆ ಇಳಿಸುತ್ತಿದ್ದವನು ಒಬ್ಬ ರೊಟ್ಟಿಗಾರ. ಐದನೆಯ ದಿನ ಕೆಳಗೆ ಪುಕಾರು ಎದ್ದಿತು, ಹಿಟ್ಟಿಗೆ ಸುಣ್ಣ ಬೆರೆಸಿದ್ದಾರೆ ಎಂದು. ಸೈನಿಕರು ಹಗ್ಗ ಕತ್ತರಿಸಿದರು. ಬಾಗಿಲು ಸುಡಲು ಸೌದೆ ಒಟ್ಟಿದರು.

ರೊಟ್ಟಿಗಾರನ ಜೀವ ಬಾಯಿಗೆ ಬಂತು. ಬಾಗಿಲಿಗೆ ಅಂಟಿಕೊಂಡೇ ಅವನ ಮನೆ, ಮಕ್ಕಳು. ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು. ಅಪ್ಪನ ಕಾಲದಿಂದ ಅವನ ಹಿಟ್ಟಿನಲ್ಲಿ ಯಾರೂ ಕುಂದು ಕಂಡಿರಲಿಲ್ಲ. ಹಿಟ್ಟಿನ ಮೂಟೆ, ನಾದುವ ಮರಿಗೆ, ಹುಳಿಹಿಟ್ಟಿನ ಗಡಿಗೆ ಎಲ್ಲವನ್ನೂ ಹೊಸ ಹಗ್ಗ ಕಟ್ಟಿ ಇಳಿಸಿಬಿಟ್ಟ.

“ರೊಟ್ಟಿ ನೀವೇ ಸುಟ್ಟುಕೊಳ್ಳಿ. ಸುಣ್ಣ ಸಿಕ್ಕರೆ ನನಗೂ ತೋರಿಸಿ,” ಎಂದು ಕೂಗಿದ.

ಸೈನಿಕರು ಮುಖ ಮುಖ ನೋಡಿಕೊಂಡರು. ತಮ್ಮೂರಿನಲ್ಲಿ ಅವರೂ ಉತ್ತು ಬಿತ್ತಿದವರೇ. ಹಿಟ್ಟು ಮುಟ್ಟಿ ಎಷ್ಟೋ ತಿಂಗಳಾಗಿತ್ತು. ಒಬ್ಬ ತೋಳೇರಿಸಿ ನಾದಲು ಕೂತ, ಇನ್ನೊಬ್ಬ ಕಲ್ಲು ಜೋಡಿಸಿ ಒಲೆ ಹೂಡಿದ. ಬಾಗಿಲು ಸುಡಲು ತಂದ ಸೌದೆಯೆಲ್ಲ ಒಲೆಗೆ ಹೋಯಿತು. ಘಮ ಎದ್ದಿತು, ಹಿಂದೆಯೇ ಹಾಡೂ ಎದ್ದಿತು. ಗೋಡೆಯ ಮೇಲಿದ್ದವರ ಕೈಯೂ ತಾನಾಗಿ ತಾಳ ಹಾಕಿತು. ಸೈನಿಕರು ಮೊದಲ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು, ಹೊಸ ಹಗ್ಗಕ್ಕೆ ಕಟ್ಟಿ ಜಗ್ಗಿದರು.

ಬುಟ್ಟಿ ಮೇಲೆ ಬಂತು. “ತಿನ್ನಬೇಡಿ, ಏನು ಬೆರೆಸಿದ್ದಾರೋ,” ಎಂದು ರೊಟ್ಟಿಗಾರನ ಹೆಂಡತಿ ಅವನ ಕೈ ಹಿಡಿದಳು. ಕೆಳಗೆ ಅಷ್ಟೂ ಜನ ಕತ್ತೆತ್ತಿ ಅವನನ್ನೇ ನೋಡುತ್ತಿದ್ದರು. ಅವನು ಮುರಿದು ಬಾಯಿಗೆ ಹಾಕಿಕೊಂಡ. ಒಂದು ಮಗ್ಗುಲು ಸೀದಿದೆ ಎಂದು ಕೂಗಿ ಹೇಳಿದ. ಗೋಡೆಯ ಎರಡೂ ಕಡೆ ನಗು ಎದ್ದಿತು.

ಮರುಳಯ್ಯನೂ ನಗುತ್ತಿದ್ದ. “ಆದರೂ ಬುದ್ಧಿ, ತಿನ್ನುವಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತು?”

“ನಿನ್ನೆ ನಿನ್ನ ಸಾರು ಹಳಸಿದೆ ಎಂದವರು ಇಂದು ಮತ್ತೆ ಉಣ್ಣಲು ಬಂದು ಕೂತಿದ್ದಾರಲ್ಲ, ಅವರಿಗೆ ಧೈರ್ಯ ಬಂದ ಕಡೆಯಿಂದಲೇ, ಮರುಳಯ್ಯ.”