ಕಾಶವ್ವನ ಬಾಯಿಗೆ ಸಿಕ್ಕ ಸೇವೆ

ಎರೆಹಳ್ಳದ ಮಠಕ್ಕೆ ಆಗ ಶಿಖರವಿರಲಿಲ್ಲ. ತಗಡಿನ ಸೂರಿನ ಕೆಳಗೆ ಶ್ರೀ ಗುರುಲಿಂಗ ಅಜ್ಜನವರು ಕಂಬಳಿ ಹಾಸಿಕೊಂಡು ಕೂಡುತ್ತಿದ್ದರು. ನಾಲಿಗೆಯ ರುಚಿ ತೊರೆದ ಆ ವಿರಾಗಿಗಳು ಬಡಿಸಿದ್ದನ್ನೆಲ್ಲ ನೀರಿನಲ್ಲಿ ಕಲಸಿ ಸ್ವೀಕರಿಸುತ್ತಿದ್ದರು.

ಒಂದು ಮಧ್ಯಾಹ್ನ ಕಾಶವ್ವ ಅವರ ಪಾದದ ಬಳಿ ಬಂದು ಕುಳಿತಳು. ಕಣ್ಣಿಗೆ ಬಿದ್ದ ಕುಂದನ್ನು ಆಡದೆ ಬಿಡುವುದು ಅವಳಿಗೆ ತಿಳಿಯದು. ಬೀಗರ ಮನೆಯ ಹೋಳಿಗೆಯಲ್ಲಿ ಹೂರಣ ಕಡಿಮೆ ಎಂದವಳು. ಹೆಣ ಹೂಳುವ ಹೊತ್ತಿನಲ್ಲಿ ಕುಣಿ ಗಿಡ್ಡವಾಯಿತು ಎಂದವಳು. ಕುಣಿ ನಿಜವಾಗಿಯೂ ಗಿಡ್ಡವಿತ್ತು. ಅದಕ್ಕೇ ಯಾರೂ ಕ್ಷಮಿಸಲಿಲ್ಲ.

“ಯಜ್ಜಾ, ನನ್ನ ಬಾಯಿ ಕಟ್ರಿ. ಮೌನವ್ರತ ಕೊಡ್ರಿ. ಸೊಸಿ ಅಳಾಕತ್ತಾಳ. ಮಗ ಬ್ಯಾರೆ ಮನಿ ನೋಡಾಕತ್ತಾನ.”

“ಮೊದಲ ಪ್ರಸಾದ ತಗೋರಿ,” ಎಂದರು ಅಜ್ಜನವರು.

ಪ್ರಸಾದಕ್ಕೆ ಹೆಸರಿಡಬಾರದು, ಕುಂದು ಹೇಳಬಾರದು ಎಂಬುದು ಮಠದ ನಿಯಮ. ಕೆಲವು ದಿನಗಳಿಂದ ಪಂಕ್ತಿ ಎದ್ದ ಮೇಲೆ ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದವು. ಇದು ಪೂರ್ವಜನ್ಮದ ಕರ್ಮ ಕಳೆಯುವ ಬಗೆಯೆಂದು ತಿಳಿದ ಭಕ್ತರು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

ಕಾಶವ್ವ ಸಾರು ಬಾಯಿಗಿಟ್ಟಳು. ತುಟಿ ಬಿಗಿಹಿಡಿದಳು. ಮಗನನ್ನು ನೆನೆದಳು. ಆದರೆ ಪಕ್ಕದ ಕೂಸು ಬಟ್ಟಲೆತ್ತಿದಾಗ ತಡೆಯಲಾಗದೆ ಅದನ್ನು ಕಸಿದುಕೊಂಡಳು.

“ಕುಡೀಬ್ಯಾಡ! ಸಾರು ಕಿಲುಬಾಗೇತಿ! ಮರುಳಯ್ಯಾ, ಕೊಪ್ಪರಿಗಿಗೆ ಕಲಾಯಿ ಹಾಕಿಸಿ ಯಾವ ಕಾಲಾತು?”

ಅಡುಗೆಯ ಮರುಳಯ್ಯ ಕೆಂಡವಾದ. “ಪ್ರಸಾದಕ್ಕ ಹೆಸರಿಡ್ತೀ? ಎದ್ದು ನಡಿ!”

ಕಾಶವ್ವ ಎದ್ದಳು. ಉಳಿದಿದ್ದ ಒಂದು ದಾರಿಯನ್ನೂ ತನ್ನ ಬಾಯಿಂದಲೇ ಮುಚ್ಚಿಕೊಂಡೆ ಎನಿಸಿತು. ಅಷ್ಟರಲ್ಲಿ ಅಜ್ಜನವರು ಅಡುಗೆಮನೆಗೆ ನಡೆದಿದ್ದರು. ಸಾರನ್ನೆಲ್ಲ ಚೆಲ್ಲಿಸಿ ಕೊಪ್ಪರಿಗೆಯೊಳಗೆ ನೋಡಿದರು. ತವರದ ಕಲಾಯಿ ಸವೆದು ತಾಮ್ರ ಕಾಣುತ್ತಿತ್ತು. ಹುಣಸೆಹುಳಿ ತಿಂದ ಕಡೆಯೆಲ್ಲ ಹಸಿರುಗಟ್ಟಿತ್ತು.

ಹೊರಗೆ ಬಂದವರು ಕಾಶವ್ವನಿಗೆ ಕೈಮುಗಿದರು.

“ನಾವು ರುಚಿ ಬಿಟ್ವಿ, ಈ ಭಕ್ತರು ಮಾತು ಬಿಟ್ರು. ಕೂಸುಗಳಿಗೆ ವಿಷ ಉಣಿಸಿದ್ವಿ. ನಿಮ್ಮ ಬಾಯಿ ಕಟ್ಟೂದಿಲ್ಲ ತಾಯಿ. ಕೆಲಸ ಇಲ್ಲದ್ದಕ್ಕ ಅದು ಮನ್ಯಾಗ ಅಡ್ಡಾಡತೈತಿ. ನಾಳಿಂದ ಇಲ್ಲಿಗೆ ಕರ್ಕೊಂಡು ಬರ್ರಿ.”

ಮರುದಿನದಿಂದ ಕೊಪ್ಪರಿಗೆ, ಬೇಳೆ, ಬಾವಿಯ ನೀರು, ಮರುಳಯ್ಯನ ಉಗುರು, ಎಲ್ಲವೂ ಕಾಶವ್ವನ ಪರೀಕ್ಷೆಗೆ ಒಳಗಾದವು. ಮಠ ಬಿಟ್ಟುಹೋಗುವೆನೆಂದು ಮರುಳಯ್ಯ ಹಲವು ಸಲ ಹೇಳಿದ, ಹೋಗಲಿಲ್ಲ. ಮಕ್ಕಳ ವಾಂತಿ ನಿಂತಿತು. ಅಂತೂ ಕರ್ಮ ತೀರಿತೆಂದು ಭಕ್ತರು ಸಂತೋಷಪಟ್ಟರು.

ಒಂದು ಸಂಜೆ ಸೊಸೆ ರೊಟ್ಟಿ ಬಡಿಸಿ, ಎಂದಿನಂತೆ ಬೈಗುಳಕ್ಕೆ ತಲೆಬಾಗಿಸಿ ನಿಂತಳು. ಕಾಶವ್ವ ಸುಮ್ಮನೆ ಉಂಡಳು. ಸೊಸೆಗೆ ಗಾಬರಿಯಾಯಿತು.

“ಅತ್ತಿ, ಆರಾಮ ಇಲ್ಲೇನ್ರಿ? ರೊಟ್ಟಿ ಸೀದಾವಲ್ರೀ!”

“ಕಂಡೇನವ್ವಾ. ಇವತ್ತಿನ ಮಾತೆಲ್ಲಾ ಮಠದಾಗ ಖರ್ಚಾಗೇತಿ.”

ಸೊಸೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹೊರಗೆ ಕುಳಿತಿದ್ದ ಮಗ ಏನಾಯಿತೋ ಎಂದು ಒಳಗೆ ಓಡಿಬಂದ. ಆ ಮನೆಯಲ್ಲಿ ಅಂಥ ಸದ್ದನ್ನು ಅವನು ಕೇಳಿರಲಿಲ್ಲ.

“ಹಂಗಾರ ನಾಳೆ ಇನ್ನೂ ಲಗೂನ ಹೋಗ್ರಿ ಅತ್ತಿ,” ಎಂದಳು ಸೊಸೆ. “ಬುತ್ತಿ ನಾ ಕಟ್ಟತೀನಿ.”