ಕೆರೆಯಾಚೆಯ ಬಜ್ಜಿ

ಅಮಲ್ದಾರ ವರದಯ್ಯನವರಿಗೆ ಡಾಕ್ಟರು ಎಣ್ಣೆತಿಂಡಿ ಬಿಡಿಸಿದ್ದೇ ತಡ, ಇಡೀ ಕಚೇರಿಗೇ ಪಥ್ಯ ಬಂತು. ಬಾಗಿಲಲ್ಲಿದ್ದ ಬಜ್ಜಿ ಗಾಡಿ ಬಂದ್! ಸಂಜೆ ಎಲ್ಲರೂ ಕೆರೆ ಸುತ್ತಬೇಕು!

ಅಲ್ಲೊಬ್ಬ ಗುಮಾಸ್ತ. ಬಜ್ಜಿಯೆಂದರೆ ಪ್ರಾಣ, ಬಾಣಲೆಯ ಸದ್ದು ಅವನಿಗೆ ಕನಸಲ್ಲೂ ಕೇಳಿಸುತ್ತಿತ್ತು. ಉಳಿದವರೆಲ್ಲ ಕಾಲುನೋವೆಂದು ತಪ್ಪಿಸಿಕೊಂಡರೂ ಇವನದು ದಿನಾ ಓಡುನಡಿಗೆ. ಅಮಲ್ದಾರರು ಹೊಗಳಿದ್ದೇ ಹೊಗಳಿದ್ದು. ಒಂದು ಸಂಜೆ ಜೀಪಿನಲ್ಲಿ ಹಿಂದೆಯೇ ಹೋದರು. ನೋಡಿದರೆ, ಆಚೆ ದಡದಲ್ಲಿ ಪುಟ್ಟಲಿಂಗಮ್ಮನ ಬಜ್ಜಿ ಅಂಗಡಿ. ಅದರ ಮುಂದೆ ಗುಮಾಸ್ತ, ಬಾಯಿ ತುಂಬ!

"ಏನಯ್ಯಾ ಇದು? ಈ ಅಂಗಡೀನ ನಾಳೆಯೇ ಎತ್ತಿಸ್ತೀನಿ!"

ಗುಮಾಸ್ತ ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದ:

"ಎತ್ತಿಸಿ ಸ್ವಾಮಿ. ಆದರೆ ಬರೀ ನೀರು ನೋಡೋಕೆ ಯಾರು ನಡೀತಾರೆ? ಬಾಗಿಲಲ್ಲೇ ಸಿಗ್ತಿದ್ದಾಗ ಕೂತಲ್ಲೇ ತಟ್ಟೆಗಟ್ಟಲೆ ತಿಂತಿದ್ದೆ. ಈಗ ವಾಪಸ್ ನಡೀಬೇಕಲ್ಲಾ ಅಂತ ಹೆದರಿ ಎರಡಕ್ಕೇ ನಿಲ್ಲಿಸ್ತೀನಿ. ಅಂಗಡಿ ಹೋದರೆ ನಡಿಗೇನೂ ಹೋಯ್ತು."

ಗಾಳಿ ಇತ್ತ ತಿರುಗಿ ಓಮದ ಘಮ ತಂತು. ಅಮಲ್ದಾರರು ಬಾಣಲೆಯತ್ತ ಬಗ್ಗಿ ನೋಡಿದರು.

"ಹೀರೇಕಾಯಿದೂ ಮಾಡ್ತಾಳೇನಯ್ಯಾ? ನಮ್ಮಮ್ಮ ಮಾಡ್ತಿದ್ದಳು" ಎಂದರು, ಮೆಲ್ಲಗೆ.

ಆಮೇಲೆ ಡ್ರೈವರ್ ಕಡೆ ತಿರುಗಿದರು. "ನೀನು ಜೀಪು ತಗೊಂಡು ಹೋಗು. ನಾನು ನಡೆದೇ ಬರ್ತೀನಿ."